ವರ್ಷಕ್ಕೊಮ್ಮೆ ಏಳುವ ನಡುಗಡ್ಡೆ

ಅಪ್ಪನ ಬೆಳಗು ಶುರುವಾಗುವುದು ಜಲಾಶಯಗಳ ಮಟ್ಟದ ಪಟ್ಟಿಯಿಂದ. ಪೇಪರ್ ಬರುವ ಹೊತ್ತಿಗೆ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಕೊಬ್ಬರಿ ಧಾರಣೆ, ಈರುಳ್ಳಿ ಧಾರಣೆ, ಊರ ಸುದ್ದಿ ಎಲ್ಲ ಆಮೇಲೆ. ಮೊದಲು ಒಳಪುಟದ ಮೂಲೆಯಲ್ಲಿರುವ ಆ ಸಣ್ಣ ಪಟ್ಟಿ. ಕೆಆರ್‌ಎಸ್, ಲಿಂಗನಮಕ್ಕಿ, ತುಂಗಭದ್ರಾ ಎಲ್ಲವನ್ನೂ ದಾಟಿ ಬೆರಳು ಭದ್ರಾದ ಸಾಲಿಗೆ ಬಂದು ನಿಲ್ಲುತ್ತದೆ. ಗರಿಷ್ಠ ಮಟ್ಟ 186 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಟ್ಟ ಏರಿದ್ದರೆ ಅದನ್ನು ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾರೆ. ಇಳಿದಿದ್ದರೆ ಸುಮ್ಮನೆ ಪುಟ ತಿರುವುತ್ತಾರೆ.

ನಮ್ಮೂರು ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಿದೆ. ಭದ್ರೆಯ ಒಂದು ಹನಿಯೂ ನಮ್ಮ ತೋಟಕ್ಕೆ ಬಂದದ್ದಿಲ್ಲ. ನಮ್ಮದು ರಾಗಿ, ಈರುಳ್ಳಿ, ಹುರುಳಿಯ ಸೀಮೆ; ಮನೆ ಹಿಂದೆ ಒಂದಿಷ್ಟು ತೆಂಗು. ಬಾಬಾಬುಡನ್‌ಗಿರಿಯ ಸಾಲು ಮುಂಗಾರಿನ ಮೋಡಗಳನ್ನು ತನ್ನ ಆಚೆ ಮಗ್ಗುಲಲ್ಲೇ ಹಿಂಡಿಕೊಂಡು, ಈಚೆಗೆ ಬರೀ ಗಾಳಿಯನ್ನು ಕಳಿಸುತ್ತದೆ. ಮನೆಯ ಜಗಲಿಯಿಂದ ನೋಡಿದರೆ ಪಡುವಣದಲ್ಲಿ ಆ ಗಿರಿಗಳ ನೀಲಿ ಗೆರೆ ಕಾಣುತ್ತದೆ. ಆಷಾಢದಲ್ಲಿ ಅದರ ನೆತ್ತಿಯ ಮೇಲೆ ಕಪ್ಪು ಮೋಡ ಕೂತಿರುತ್ತದೆ, ನಮ್ಮ ಹೊಲದಲ್ಲಿ ದೂಳು ಏಳುತ್ತಿರುತ್ತದೆ. ಬರದ ವರ್ಷಗಳಲ್ಲಿ ತೆಂಗಿನ ಸುಳಿ ಒಣಗಿ ಕೆಳಗೆ ಬಿದ್ದದ್ದನ್ನು ಅಪ್ಪ ಎತ್ತಿ ಬದಿಗಿಡುತ್ತಿದ್ದ ರೀತಿ ನನಗೆ ಇನ್ನೂ ನೆನಪಿದೆ. ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ ಹಾಗೆ ಮೆಲ್ಲಗೆ ನಡೆದಾಡುತ್ತಿದ್ದರು.

ಹಾಗಿದ್ದೂ ಭದ್ರಾದ ಮಟ್ಟ ಅವರಿಗೆ ಏಕೆ ಬೇಕು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ನೀರು ಎಲ್ಲಿದ್ರೂ ನೀರೇ ಕಣಮ್ಮ. ಇರೋ ಕಡೆ ಇದೆ ಅಂತ ಗೊತ್ತಾದ್ರೆ ಒಂದು ಧೈರ್ಯ" ಎಂದಿದ್ದರು. ಆಮೇಲೆ ಭದ್ರಾ ಮೇಲ್ದಂಡೆ ಯೋಜನೆ ಬಂತು. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತುವುದು, ಭದ್ರೆಯಿಂದ ಒಟ್ಟು 29.90 ಟಿಎಂಸಿ ನೀರನ್ನು ಮತ್ತೆ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದೊಳಗೆ ಹಾಯಿಸಿ ಬಯಲುಸೀಮೆಗೆ ಬಿಡುವುದು ಆ ಯೋಜನೆ. ಅಂದಿನಿಂದ ಅಪ್ಪನ ಬೆರಳು ಭದ್ರಾದ ಸಾಲಿನ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿತು.

ಆ ಅಂಕಿ ಏರುವುದಷ್ಟೇ ಒಳ್ಳೆಯದು, ಇಳಿಯುವುದು ಕೆಟ್ಟದ್ದು ಎಂದುಕೊಂಡೇ ನಾನೂ ಬೆಳೆದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಜೊತೆಯಲ್ಲಿ ದುಡಿಯುವವರೊಬ್ಬರು ಒಂದು ಫೋಟೋ ತೋರಿಸಿದರು. ಸುತ್ತ ನೀರು, ನಡುವೆ ಒಂದು ಹುಲ್ಲೆಸಳೂ ಇಲ್ಲದ ಬೋಳು ಕೆಂಪು ನೆಲ, ಅದರ ಮೇಲೆ ಸುಣ್ಣದ ಚುಕ್ಕಿ ಇಟ್ಟಂತೆ ನೂರಾರು ಬಿಳಿ ಹಕ್ಕಿ. ಕಡಲಿನದು ಎಂದುಕೊಂಡೆ. "ನಿಮ್ಮ ಕಡೆಯದೇ. ತರೀಕೆರೆ ಹತ್ತಿರ ಲಕ್ಕವಳ್ಳಿ. ಬೇಸಿಗೆಯಲ್ಲಿ ಮಾತ್ರ ಈ ನಡುಗಡ್ಡೆ ಇರುತ್ತದೆ" ಎಂದರು. ಮನೆಯಿಂದ ಒಂದು ಹೊತ್ತಿನ ದಾರಿಯಲ್ಲಿ ಇಂಥದ್ದೊಂದು ನೆಲ ವರ್ಷಾ ವರ್ಷಾ ಎದ್ದು ಮುಳುಗುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಕರಾವಳಿಯಲ್ಲಿ ಅಂಥ ನೆಲವನ್ನು ನೋಡಿದ್ದೆ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ ನದಿಗಳು ಕಡಲಿಗೆ ಸೇರುವ ಅಳಿವೆಯಿದೆ. ಇಳಿತದ ಹೊತ್ತಿಗೆ ಅಂಥ ಕಡೆ ಮರಳ ದಿಬ್ಬಗಳು ಬೆನ್ನು ತೋರಿಸುತ್ತವೆ, ಉಬ್ಬರ ಬಂತೆಂದರೆ ಮರೆಯಾಗುತ್ತವೆ. ದಿನಕ್ಕೆ ಎರಡು ಸಲ. ಅದರ ಲೆಕ್ಕ ಚಂದ್ರನ ಕೈಯಲ್ಲಿದೆ. ಅಲ್ಲಿಯ ಮೀನುಗಾರರು ತಿಥಿ ನೋಡಿ ನೀರಿನ ಹೊತ್ತು ಹೇಳುತ್ತಾರೆ. ಲಕ್ಕವಳ್ಳಿಯ ನಡುಗಡ್ಡೆಗೂ ಉಬ್ಬರ ಇಳಿತ ಉಂಟು, ಆದರೆ ವರ್ಷಕ್ಕೆ ಒಂದೇ ಸಲ. ಅದರ ತಿಥಿ ಅಪ್ಪ ದಿನಾ ಓದುವ ಪಟ್ಟಿಯಲ್ಲಿದೆ. ಇದು ಹೊಳೆದ ದಿನವೇ ಮನೆಗೆ ಫೋನ್ ಮಾಡಿ, ಬರುವ ಏಪ್ರಿಲ್‌ನಲ್ಲಿ ಒಟ್ಟಿಗೆ ಹೋಗೋಣ ಎಂದೆ.

"ಏಪ್ರಿಲ್‌ನಲ್ಲಿ ಡ್ಯಾಂನಲ್ಲಿ ಏನಿರ್ತದೆ? ನೀರು ತಳ ಹಿಡಿದಿರ್ತದೆ" ಎಂದರು ಅಪ್ಪ.

"ಅದಕ್ಕೇ ಹೋಗಬೇಕು ಅಪ್ಪ."

ಹೊರಟ ದಿನ ಪೇಪರಿನ ಪಟ್ಟಿಯಲ್ಲಿ ಭದ್ರಾ 150 ಅಡಿಯ ಕೆಳಗಿತ್ತು. ಅಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಿದ್ದಳು. ಬೀರೂರು ಜಂಕ್ಷನ್‌ನಲ್ಲಿ ರೈಲು ಹಳಿ ಎರಡಾಗುವ ಹಾಗೆ ಅಲ್ಲಿ ನಮ್ಮ ಸೀಮೆಯೂ ಎರಡಾಗುತ್ತದೆ. ಒಂದು ಹಳಿ ಅಜ್ಜಂಪುರದ ಬಯಲು ಹಿಡಿದು ಹುಬ್ಬಳ್ಳಿಯತ್ತ ಹೋದರೆ, ಇನ್ನೊಂದು ತರೀಕೆರೆ, ಭದ್ರಾವತಿ ಹಾದು ಶಿವಮೊಗ್ಗಕ್ಕೆ ಹೋಗುತ್ತದೆ. ನಾವು ಎರಡನೆಯದರ ಜೊತೆ ಸಾಗುವ ರಸ್ತೆ ಹಿಡಿದೆವು. ಎಡಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು ಹತ್ತಿರವಾಗುತ್ತ ಬಂದವು. ಜಗಲಿಯಿಂದ ಬರೀ ಗೆರೆಯಾಗಿ ಕಾಣುತ್ತಿದ್ದದ್ದಕ್ಕೆ ಕಣಿವೆ, ಕಾಡು, ಬಂಡೆ ಎಲ್ಲ ಮೂಡಿದವು. ತೆಂಗು ಹಿಂದಾಗಿ ಅಡಿಕೆ ಮುಂದಾಯಿತು. ಅಪ್ಪ ಕಾರಿನ ಗಾಜು ಇಳಿಸಿ ಮುಖಕ್ಕೆ ಗಾಳಿ ತಾಗಿಸಿಕೊಂಡು, "ಇಲ್ಲಿ ಗಾಳಿಯಲ್ಲೇ ಪಸೆ ಇದೆ ನೋಡು" ಎಂದರು. ಹನ್ನೆರಡನೇ ಶತಮಾನದ ಹೊಯ್ಸಳ ಗುಡಿಯಿರುವ ಅಮೃತಾಪುರವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆವು. ನಡುಗಡ್ಡೆ ಕಾಯುವುದಿಲ್ಲ, ಗುಡಿ ಕಾಯುತ್ತದೆ.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಎಡೇಹಳ್ಳಿ ಎಂದಿದ್ದ ಊರಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದದ್ದೂ ಆ ಕಾಲದಲ್ಲೇ. ಅಪ್ಪ ಆ ರೈಲನ್ನು ಟ್ರಾಮ್ ಎಂದೇ ಕರೆಯುತ್ತಾರೆ. ತಮ್ಮ ಅಪ್ಪ ಅದರಲ್ಲಿ ಕೂತಿದ್ದರಂತೆ. ಇಂದು ಆ ರೈಲೂ ಇಲ್ಲ, ಅಂದಿನ ಕಣಿವೆಯೂ ಇಲ್ಲ. ಕಣಿವೆ ಇದ್ದಲ್ಲಿ ಭದ್ರೆಯ ಹಿನ್ನೀರು ನಿಂತಿದೆ.

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ತುಂಗೆ, ನೇತ್ರಾವತಿಯರ ಜೊತೆ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಇಲ್ಲಿಗೆ ಬರುತ್ತಾಳೆ. ಸ್ವಾತಂತ್ರ್ಯ ಬಂದ 1947ರಲ್ಲೇ ಲಕ್ಕವಳ್ಳಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. ತುಂಬಿದಾಗ 71.5 ಟಿಎಂಸಿ ನೀರು. ಎಡದಂಡೆ, ಬಲದಂಡೆ ನಾಲೆಗಳು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಗದ್ದೆ ತೋಟಗಳನ್ನು ತಣಿಸುತ್ತವೆ. ಜೂನ್‌ನಿಂದ ಜಲಾಶಯ ತುಂಬುತ್ತದೆ. ಜನವರಿಯಲ್ಲಿ ಬೇಸಿಗೆ ಬೆಳೆಗೆಂದು ನಾಲೆಗೆ ನೀರು ಬಿಟ್ಟರೆ ಮೇ ತಿಂಗಳವರೆಗೂ ಮಟ್ಟ ಇಳಿಯುತ್ತಲೇ ಹೋಗುತ್ತದೆ. ದಾವಣಗೆರೆ ಸೀಮೆಯಲ್ಲಿ ಬೇಸಿಗೆ ಭತ್ತ ಹಸಿರಾದಷ್ಟೂ ಲಕ್ಕವಳ್ಳಿಯ ಹಿನ್ನೀರಿನಲ್ಲಿ ನೆಲ ಮೇಲೆ ಬರುತ್ತದೆ.

ದೋಣಿಗೆ ಇಳಿಯುವ ಕಡೆ ನೀರು ಬಹಳ ಕೆಳಗಿತ್ತು. ಮೇಲೆ ಕಾಡಿನ ಅಂಚಿನಿಂದ ನೀರಿನವರೆಗೆ ಕೆಂಪು ಮಣ್ಣಿನ ಇಳಿಜಾರು, ಅದರ ಮೇಲೆ ಒಂದರ ಕೆಳಗೊಂದು ಅಡ್ಡಗೆರೆಗಳು. ಅಲೆ ಬಡಿದು ಬಡಿದು ಕೊರೆದ ಸಣ್ಣ ಮೆಟ್ಟಿಲುಗಳು ಅವು. ಅಪ್ಪ ನಿಂತು ಅವನ್ನೇ ನೋಡಿದರು. ಪಟ್ಟಿಯಲ್ಲಿ ದಿನಾ ಓದಿದ ಅಂಕಿಗಳೆಲ್ಲ ಮಣ್ಣಿನ ಮೇಲೆ ಸಾಲಾಗಿ ಬರೆದಿದ್ದವು. ಮೇಲಿನದರ ಕಡೆ ಕೈ ಮಾಡಿ, "ಅದು ದಸರಾ ಹೊತ್ತಿಂದು ಇರ್ಬೇಕು" ಎಂದರು. ಕೆಳಗಿನದನ್ನು ತೋರಿಸಿ, "ಇದು ಶಿವರಾತ್ರಿದು." ಹಾಗೆ ಒಂದೊಂದೇ ಗೆರೆಗೆ ಹಬ್ಬದ ಹೆಸರಿಡುತ್ತ ನೀರಿನ ಹತ್ತಿರ ಬಂದರು.

ದೋಣಿಯವರು ಲಕ್ಕವಳ್ಳಿಯವರೇ. ಜಾಕೆಟ್ ಕಟ್ಟಿಸಿ, ಅಪ್ಪನನ್ನು ನಡುವೆ ಕೂರಿಸಿ, "ಯಜಮಾನ್ರೇ, ಎದ್ದು ನಿಲ್ಬೇಡಿ, ಏನಿದ್ರೂ ನಾನೇ ನಿಲ್ಲಿಸ್ತೀನಿ" ಎಂದರು. ಇಂಜಿನ್ನು ಗುಡುಗಿತು. ಈ ಹಿನ್ನೀರಿನ ದಡದುದ್ದಕ್ಕೂ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಶುರುವಾಗಿ, 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಸೇರಿಸಿಕೊಂಡು ಭದ್ರಾ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಂದು ದಂಡೆಯಲ್ಲಿ ಜಿಂಕೆಗಳ ಹಿಂಡು ನೀರಿಗಿಳಿದಿತ್ತು. ಇನ್ನೊಂದು ಕಡೆ ಒಂಟಿ ಆನೆ ಒಣ ಇಳಿಜಾರಿನಲ್ಲಿ ನಿಂತು ಮೈಮೇಲೆ ಮಣ್ಣೆರಚಿಕೊಳ್ಳುತ್ತಿತ್ತು. ಆ ಬಯಲಿನಲ್ಲಿ ಅದರ ದೊಡ್ಡ ಮೈ ಚಿಕ್ಕದಾಗಿ ಕಂಡಿತು.

ಸ್ವಲ್ಪ ದೂರದಲ್ಲಿ ಮರಗಳು ಶುರುವಾದವು, ನೀರಿನ ನಡುವೆ. ಎಲೆಯಿಲ್ಲ, ತೊಗಟೆಯಿಲ್ಲ, ಬರೀ ಬೂದುಬಣ್ಣದ ಕಾಂಡ, ತುದಿ ಮುರಿದ ಕೊಂಬೆ. ನೀರು ನಿಂತ ಕಾಲಕ್ಕೆ ನಿಂತಲ್ಲೇ ಸತ್ತ ಮರಗಳು. ಪ್ರತಿ ಕೊಂಬೆಯ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತ ಕೂತಿತ್ತು. ದೋಣಿಯವರು ಇಂಜಿನ್ ತಗ್ಗಿಸಿ ಮರಗಳ ನಡುವೆ ಹುಷಾರಾಗಿ ದಾಟಿಸಿದರು.

"ಇಲ್ಲೆಲ್ಲ ಊರಿತ್ತಾ?" ಅಪ್ಪ ಕೇಳಿದರು.

"ಇತ್ತು ಯಜಮಾನ್ರೇ. ನಮ್ಮ ತಾತನ ಗದ್ದೆ ಈ ನೀರಿನ ಕೆಳಗೇ ಇದೆ. ಮನೆ ಬಾಗಿಲು, ತೊಲೆ ಎಲ್ಲ ಕಿತ್ಕೊಂಡು ಗಾಡೀಲಿ ಹೇರ್ಕೊಂಡು ಹೋದ್ರಂತೆ. ಬಾವಿ ಮಾತ್ರ ಬಿಟ್ಟು ಬಂದ್ವಿ ಅಂತಿದ್ರು."

ಬಾವಿಯನ್ನು ಬಿಟ್ಟು ಬಂದ ಮಾತು ಕೇಳಿ ಅಪ್ಪ ಏನೂ ಹೇಳಲಿಲ್ಲ. ನಮ್ಮ ತೋಟದಲ್ಲೂ ಒಂದು ಹಳೆಯ ತೆರೆದ ಬಾವಿಯಿದೆ. ಅದರಲ್ಲಿ ನೀರು ನೋಡಿ ಎಷ್ಟೋ ವರ್ಷವಾಯಿತು. ನೀರಿಲ್ಲದ ಬಾವಿಯ ಊರಿನವರು ನಾವು, ನೀರಿನಡಿಗೆ ಹೋದ ಬಾವಿಯ ಮನೆಯವರು ಅವರು. ಇಬ್ಬರೂ ಒಂದೇ ದೋಣಿಯಲ್ಲಿ ಕೂತಿದ್ದೆವು. ಈ ಕಾಡಿನಿಂದ ಜನ ಎದ್ದು ಹೋದದ್ದು ಅದೊಂದೇ ಸಲವಲ್ಲ. 2001-02ರಲ್ಲಿ ಅಭಯಾರಣ್ಯದೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ತರೀಕೆರೆ ಸೀಮೆಯ ಎಂ.ಸಿ. ಹಳ್ಳಿಯಲ್ಲೂ ಬೇರೆಡೆಯಲ್ಲೂ ನೆಲೆ ನಿಂತವು. ಕಾಡಿನೊಳಗೆ ಇಂದು ಇಷ್ಟು ಸದ್ದಿಲ್ಲದಿರುವುದಕ್ಕೆ ಎಷ್ಟೋ ಮನೆಗಳು ಒಲೆ ಎತ್ತಿಕೊಂಡು ಹೋಗಿವೆ.

ಮರಗಳು ಮುಗಿದು ನೀರು ಅಗಲವಾಯಿತು. ಆಗ ಮೊದಲು ಬಂದದ್ದು ಸದ್ದು. ಕೀರಲು ದನಿ, ಒಂದರ ಮೇಲೊಂದು ಬಿದ್ದು ಒಡೆಯುವಂಥದ್ದು. ಆಮೇಲೆ ಕಂಡದ್ದು ನೆಲ. ನೀರಿಗಿಂತ ಆಳೆತ್ತರವಷ್ಟೇ ಮೇಲೆದ್ದ, ಎಮ್ಮೆಯ ಬೆನ್ನಿನಂಥ ಕೆಂಪು ದಿಬ್ಬ. ನದಿ ತಂದು ಒಟ್ಟಿದ ಮರಳ ದಿಬ್ಬವಲ್ಲ ಅದು. ಮುಳುಗಿದ ಗುಡ್ಡವೊಂದರ ನೆತ್ತಿ. ಜಂಬಿಟ್ಟಿಗೆಯ ಹರಳು, ಸಣ್ಣ ಕಲ್ಲು, ಒಡೆದ ಮಣ್ಣು. ಅದರ ತುಂಬ ಹಕ್ಕಿ.

ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎನ್ನುವ ಈ ಹಕ್ಕಿಯನ್ನು ಕನ್ನಡದ ಪಕ್ಷಿಪ್ರಿಯರು ಹೊಳೆ ರೀವ ಎನ್ನುತ್ತಾರೆ. ಹತ್ತಿರದ ಜಂಗಲ್ ಲಾಡ್ಜಸ್‌ನ ವಸತಿಗೃಹಕ್ಕೆ ಇದರದೇ ಹೆಸರು. ಪಾರಿವಾಳಕ್ಕಿಂತ ಉದ್ದ, ಆದರೆ ಅದಕ್ಕಿಂತ ಸಪೂರ. ತಲೆಗೆ ಕರಿ ಟೋಪಿ, ಬೂದು ಬೆನ್ನು, ಬಿಳಿ ಹೊಟ್ಟೆ, ಅರಿಸಿನದ ಕೊಂಬಿನಂಥ ಹಳದಿ ಕೊಕ್ಕು, ಕೆಂಪು ಕಾಲು. ಬಾಲ ಎರಡಾಗಿ ಸೀಳಿ ಉದ್ದಕ್ಕೆ ಎಳೆದಂತಿದೆ. ನೀರಿನ ಮೇಲೆ ತಲೆ ತಗ್ಗಿಸಿ ಹಾರುತ್ತ ಹಾರುತ್ತ ಒಮ್ಮೆಲೇ ಕಲ್ಲು ಬಿದ್ದ ಹಾಗೆ ಧುಮುಕುತ್ತದೆ. ಏಳುವಾಗ ಕೊಕ್ಕಿನಲ್ಲಿ ಅಡ್ಡಕ್ಕೆ ಬೆಳ್ಳಿಯ ಮಿಂಚು. ಜೋಡಿ ಕೂಡುವ ಕಾಲದಲ್ಲಿ ಗಂಡು ಹೀಗೆ ಹಿಡಿದ ಮೀನನ್ನು ತಾನು ತಿನ್ನದೆ ಹೆಣ್ಣಿಗೆ ತಂದು ಕೊಡುತ್ತದೆ.

ದೋಣಿಯವರು ಇಂಜಿನ್ ನಿಲ್ಲಿಸಿದರು. ನಡುಗಡ್ಡೆ ಇನ್ನೂ ಸಾಕಷ್ಟು ದೂರವಿತ್ತು. ದೋಣಿ ತಾನಾಗಿ ತೇಲುತ್ತಿತ್ತು. ಬೈನಾಕ್ಯುಲರ್ ಅನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, "ಗೂಡೇ ಇಲ್ವಲ್ಲ" ಎಂದರು.

ಗೂಡು ಇರುವುದಿಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಬೊಗಸೆಯಷ್ಟೂ ಆಳವಿಲ್ಲದ್ದು. ಅದರಲ್ಲಿ ಸಾಮಾನ್ಯವಾಗಿ ಮೂರು ಮೊಟ್ಟೆ, ಮಣ್ಣಿನದೇ ಬಣ್ಣಕ್ಕೆ ಕಂದು ಚುಕ್ಕಿ ಬಿದ್ದವು. ಹುಲ್ಲಿಲ್ಲ, ನೆರಳಿಲ್ಲ, ಮರೆಯಿಲ್ಲ. ಮರೆಯಿಲ್ಲದಿರುವುದೇ ಅದಕ್ಕೆ ಬೇಕಾದದ್ದು. ಬೋಳು ನೆಲದಲ್ಲಿ ಕೂತರೆ ಸುತ್ತ ಎಲ್ಲಿಂದ ಏನು ಬಂದರೂ ಕಾಣುತ್ತದೆ. ಸುತ್ತ ನೀರಿದ್ದರೆ ನರಿ ನಾಯಿಗಳು ಬರಲಾರವು. ಬರುವುದೇನಿದ್ದರೂ ಆಕಾಶದಿಂದ, ಕಾಗೆ ಹದ್ದುಗಳು. ನಾವು ನೋಡುತ್ತಿದ್ದಂತೆ ಒಂದು ಹದ್ದು ಎತ್ತರದಲ್ಲಿ ಸುತ್ತು ಹಾಕಿತು. ಇಡೀ ನಡುಗಡ್ಡೆ ಒಂದೇ ಸಲ ಎದ್ದಿತು. ಬಿಳಿ ಬಟ್ಟೆಯೊಂದನ್ನು ನೆಲದಿಂದ ಎತ್ತಿ ಝಾಡಿಸಿದ ಹಾಗೆ. ಕಿರುಚಿ, ಮೇಲೇರಿ, ಒಂದಾದ ಮೇಲೊಂದು ಹದ್ದಿನ ಬೆನ್ನಿಗೆ ಎರಗಿ, ಅದನ್ನು ಆಚೆ ದಡದ ಕಾಡಿನವರೆಗೂ ಅಟ್ಟಿ ಬಂದವು. ಮತ್ತೆ ಇಳಿದಾಗ ಪ್ರತಿ ಹಕ್ಕಿಯೂ ತನ್ನ ತಗ್ಗನ್ನೇ ಹುಡುಕಿ ಕೂತಿತು. ನೂರಾರು ಒಂದೇ ಥರದ ತಗ್ಗುಗಳಲ್ಲಿ ತನ್ನದು ಯಾವುದೆಂದು ಯಾವುದೂ ತಪ್ಪಲಿಲ್ಲ.

ಬಿಸಿಲು ಏರಿತು. ಅಂಥ ನೆಲದ ಮೇಲೆ ಆ ಹೊತ್ತಿಗೆ ಬರಿಗಾಲು ಊರಲಾಗದು. ಮೊಟ್ಟೆಯ ಮೇಲಿದ್ದ ಹಕ್ಕಿಗಳು ಕಾವು ಕೊಡಲು ಕೂತಿದ್ದವೋ, ಕಾವು ತಡೆಯಲು ನಿಂತಿದ್ದವೋ ಹೇಳುವುದು ಕಷ್ಟ. ಕೆಲವು ಎದ್ದು ನಿಂತು ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಮಾಡಿದ್ದವು. ಒಂದು ಹಕ್ಕಿ ಹಾರಿ ಹೋಗಿ, ನೀರಿಗೆ ಹೊಟ್ಟೆ ಸೋಕಿಸಿ, ತೊಯ್ದ ಗರಿಯೊಡನೆ ಬಂದು ಮೊಟ್ಟೆಯ ಮೇಲೆ ಕೂತಿತು. ಮತ್ತೆ ಹೋಯಿತು, ಮತ್ತೆ ಬಂತು. ಅಪ್ಪ ಬೈನಾಕ್ಯುಲರ್ ಇಳಿಸಿ ನನ್ನ ಕಡೆ ನೋಡಿದರು.

"ನೀರು ಹೊರ್ತಾ ಇದೆಯಲ್ಲೇ ಅದು!"

ಆ ದನಿ ನನಗೆ ಗೊತ್ತು. ಬೋರ್‌ವೆಲ್ ಬತ್ತಿದ ವರ್ಷ ಅಪ್ಪ, ಅಮ್ಮ ಇಬ್ಬರೂ ಸಂಜೆ ಟ್ಯಾಂಕರ್ ನೀರನ್ನು ಬಿಂದಿಗೆಯಲ್ಲಿ ತುಂಬಿ ತೆಂಗಿನ ಸಸಿಗಳಿಗೆ ಹೊತ್ತು ಹಾಕುತ್ತಿದ್ದರು. ಒಂದು ಸಸಿಗೆ ಒಂದು ಬಿಂದಿಗೆ. ಎಲ್ಲವೂ ಉಳಿಯಲಿಲ್ಲ. ಉಳಿದವು ಈಗ ಕಾಯಿ ಬಿಡುತ್ತಿವೆ.

ಅಪ್ಪ ದೋಣಿಯವರನ್ನು ಒಂದೊಂದಾಗಿ ಕೇಳತೊಡಗಿದರು. ಇವು ಯಾವಾಗ ಬರುತ್ತವೆ? ಈ ದಿಬ್ಬ ಯಾವಾಗ ಕಾಣುತ್ತದೆ? ನೀರು ಇಳಿಯದಿದ್ದರೆ?

"ಸಂಕ್ರಾಂತಿ ಆದ್ಮೇಲೆ ಚಾನಲ್‌ಗೆ ನೀರು ಬಿಡ್ತಾರಲ್ಲ, ಆಗ ಇಳಿಯಕ್ಕೆ ಶುರು. ಇವು ಮೊದ್ಲೇ ಬಂದು ಸುತ್ತ ಹಾರ್ತಾ ಇರ್ತಾವೆ. ನೆತ್ತಿ ಕಂಡ ಕೂಡ್ಲೆ ಕೂತ್ಕೊಳ್ತಾವೆ. ಒಂದೊಂದು ವರ್ಷ ಲೇಟಾಗ್ತದೆ. ಕಾಯ್ತಾವೆ ಯಜಮಾನ್ರೇ, ಇನ್ನೇನ್ ಮಾಡ್ತಾವೆ."

"ಮತ್ತೆ ಮಳೆ ಬಂದ್ರೆ?"

"ಭರಣಿ, ಕೃತ್ತಿಕೆಗೆಲ್ಲ ಡ್ಯಾಂ ಏರಲ್ಲ. ಘಟ್ಟದ ಮೇಲೆ ಮುಂಗಾರು ಹಿಡೀತಲ್ಲ, ಆಗ. ಅಷ್ಟರಲ್ಲಿ ಮರಿ ಹಾರ್ಬೇಕು. ಹಾರದೇ ಇದ್ದದ್ದು..." ಎಂದವರು ಮಾತು ಮುಗಿಸದೆ ನೀರಿನ ಕಡೆ ಕೈ ತೋರಿಸಿದರು.

ಭರಣಿ ಸುರಿದರೆ ಧರಣಿ ಬದುಕೀತು ಎಂಬ ಗಾದೆಯನ್ನು ಹೇಳಿಕೊಂಡೇ ಬೆಳೆದವರು ನಾವು. ಮಳೆ ತಡವಾಗಲಿ ಎಂದು ಬೇಡುವ ಜೀವ ಒಂದು ಈ ಸೀಮೆಯಲ್ಲೇ ಇರಬಹುದೆಂದು ಅಪ್ಪನ ಎಪ್ಪತ್ತು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಬಿಟ್ಟ ದಿನ ಶುರುವಾಗಿ ಮುಂಗಾರಿನ ಪ್ರವಾಹ ಬರುವ ದಿನಕ್ಕೆ ಮುಗಿಯುವ ನಾಲ್ಕು ತಿಂಗಳಷ್ಟೇ ಇವುಗಳ ಬದುಕಿನ ಜಾಗ. ಆ ಜಾಗದಲ್ಲೇ ಜೋಡಿಯಾಗಬೇಕು, ಮೊಟ್ಟೆಯಿಡಬೇಕು, ಬಿಸಿಲಲ್ಲಿ ಮರಿ ಮಾಡಬೇಕು, ಹಾರಿಸಬೇಕು.

ಅಣೆಕಟ್ಟೆ ಬರುವ ಮೊದಲು ಈ ಹಕ್ಕಿಗಳಿಗೆ ಹೊಳೆಯೇ ನಡುಗಡ್ಡೆ ಕೊಡುತ್ತಿತ್ತು. ಬೇಸಿಗೆಯಲ್ಲಿ ಸೊರಗಿದ ಹೊಳೆಯ ನಡುವೆ ಮರಳ ದಿಬ್ಬಗಳು ಎದ್ದು ನಿಲ್ಲುವುದು ನಮ್ಮ ನಾಡಿನ ನದಿಗಳ ಹಳೆಯ ಕ್ರಮ. ಹೊಳೆ ರೀವ ಆ ಕ್ರಮಕ್ಕೆ ಹೊಂದಿ ಬಂದ ಹಕ್ಕಿ. ರಂಗನತಿಟ್ಟಿನಲ್ಲಿ ಕಾವೇರಿಯ ಬಂಡೆಗಳ ಮೇಲೆ ಇಂದಿಗೂ ಮೊಟ್ಟೆಯಿಡುತ್ತದೆ, ಉತ್ತರದಲ್ಲಿ ಚಂಬಲ್ ನದಿಯ ಮರಳಿನ ಮೇಲೆ ಇಡುತ್ತದೆ. ಆದರೆ ಮರಳು ಹೋಯಿತು, ಹೊಳೆಗಳಿಗೆ ಕಟ್ಟೆ ಬಂತು, ನೀರು ತೀರ ಕಡಿಮೆಯಾದ ಕಡೆ ನಡುಗಡ್ಡೆ ದಡಕ್ಕೆ ಅಂಟಿಕೊಂಡು ನಾಯಿಗಳು ನಡೆದೇ ಬಂದವು. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯಲ್ಲಿ ಇವು ಬಹುಮಟ್ಟಿಗೆ ಕಾಣೆಯಾಗಿವೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಇದು ಸೇರಿದೆ. ಭದ್ರೆಯಲ್ಲಿ ಮಾತ್ರ, ಹೊಳೆಯ ದಿಬ್ಬಗಳನ್ನು ನುಂಗಿದ ಅದೇ ನೀರು ಗುಡ್ಡದ ನೆತ್ತಿಗಳನ್ನು ಬೋಳಿಸಿ ಬೇಸಿಗೆಗೊಮ್ಮೆ ಹೊರಗೆ ಚಾಚುತ್ತದೆ. ಒಬ್ಬರ ಊರು ಹೋದಲ್ಲಿ, ಇನ್ನೊಬ್ಬರ ಗದ್ದೆಗೆ ನೀರು ಹೋಗುವ ಕಾಲಕ್ಕೆ, ಹಕ್ಕಿಗೆ ಒಂದು ತುಂಡು ನೆಲ ಸಿಕ್ಕಿದೆ. ಯಾರೂ ಅದಕ್ಕೆಂದು ಮಾಡಿಕೊಟ್ಟದ್ದಲ್ಲ. ಅದಕ್ಕೇ ಯಾವ ವರ್ಷವಾದರೂ ತಪ್ಪಿ ಹೋಗಬಹುದಾದದ್ದು.

ಮನೆಯಿಂದ ಹೊರಡುವಾಗ ಆ ನಡುಗಡ್ಡೆಯ ಮೇಲೆ ಒಮ್ಮೆ ಕಾಲಿಡಬೇಕೆಂಬ ಆಸೆ ನನಗಿತ್ತು. ವರ್ಷದಲ್ಲಿ ಎಂಟು ತಿಂಗಳು ನೀರಿನಡಿಯಲ್ಲಿರುವ ನೆಲವನ್ನು ಅಂಗಾಲಿನಿಂದ ತಿಳಿಯಬೇಕು ಎಂದುಕೊಂಡಿದ್ದೆ. ಅಲ್ಲಿಗೆ ಬಂದ ಮೇಲೆ ಅದನ್ನು ಬಾಯಿಬಿಟ್ಟು ಹೇಳಲೂ ಮನಸ್ಸಾಗಲಿಲ್ಲ. ಮಣ್ಣಿನ ಬಣ್ಣದ ಮೊಟ್ಟೆ, ಮಣ್ಣಿನ ಬಣ್ಣದ ಮರಿ. ಹೆಜ್ಜೆ ಎಲ್ಲಿಟ್ಟರೂ ಒಂದು ಜೀವದ ಮೇಲೆಯೇ. ತುಳಿಯದಿದ್ದರೂ, ನಾವು ನಿಂತ ಅಷ್ಟು ಹೊತ್ತು ತಾಯಿ ಹಕ್ಕಿ ಮೇಲೆ ಹಾರುತ್ತಿದ್ದರೆ ಕೆಳಗೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ದೋಣಿ ಹತ್ತಿರ ಹೋದಷ್ಟೂ ಅವು ಏಳುತ್ತವೆ. ಅವು ಏಳದಷ್ಟು ದೂರವೇ ಸರಿಯಾದ ದೂರ. ಯಾರೂ ಕೇಳದೆಯೇ ದೋಣಿಯವರು ಆ ದೂರವನ್ನು ಅಳೆದಿದ್ದರು. ಗಾಳಿಗೆ ದೋಣಿ ಸ್ವಲ್ಪ ಒಳಗೆ ಸರಿದಾಗಲೆಲ್ಲ ಹುಟ್ಟು ಹಾಕಿ ಮೆಲ್ಲಗೆ ಹಿಂದೆ ತಂದರು. ತಾತನ ಗದ್ದೆಯ ಮೇಲಿನ ಗುಡ್ಡ ಇದೇ ಇರಬಹುದೋ ಏನೋ. ಅವರೂ ಅಲ್ಲಿ ಇಳಿಯುವುದಿಲ್ಲ.

ರೊಟ್ಟಿ ಬಿಚ್ಚಿ ಮೂವರೂ ದೋಣಿಯಲ್ಲೇ ತಿಂದೆವು. ಹುಚ್ಚೆಳ್ಳು ಚಟ್ನಿಯ ಘಮ, ನೀರಿನ ಹಸಿ ವಾಸನೆ, ದೂರದಿಂದ ತೇಲಿ ಬರುವ ಹಕ್ಕಿ ಹಿಕ್ಕೆಯ ಕಟು ನಾತ. ತಿನ್ನುತ್ತಲೇ ಅಪ್ಪ, "ಈಗ ಎಷ್ಟಿರ್ಬಹುದು ಮಟ್ಟ?" ಎಂದರು. ಬೆಳಿಗ್ಗೆ ತಾವೇ ಓದಿದ್ದ ಅಂಕಿ ಅದು. ದೋಣಿಯವರು ಹೇಳಿದರು. ಅಪ್ಪ ತಲೆಯಾಡಿಸಿ ನಡುಗಡ್ಡೆಯನ್ನೇ ನೋಡುತ್ತ, "ಇನ್ನೊಂದು ಸ್ವಲ್ಪ ಇಳೀಲಿ" ಎಂದರು. ಭದ್ರಾದ ಮಟ್ಟ ಇಳಿಯಲಿ ಎಂಬ ಮಾತು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬೆಂಗಳೂರಿಗೆ ಮರಳಿದ ಮೇಲೆ ಅಪ್ಪನ ಫೋನ್ ಬೆಳಿಗ್ಗೆಯೇ ಬರತೊಡಗಿತು. ಮಾತು ಉದ್ದವಿರುತ್ತಿರಲಿಲ್ಲ. ಒಂದು ಅಂಕಿ ಹೇಳಿ, "ಇದೆ ನಿನ್ನ ನಡುಗಡ್ಡೆ" ಎಂದು ಇಟ್ಟುಬಿಡುತ್ತಿದ್ದರು. ಮೇ ಕಳೆಯಿತು. ನಮ್ಮೂರಲ್ಲಿ ಕೃತ್ತಿಕೆ ಒಂದೆರಡು ಹದ ಸುರಿಯಿತು. ಈರುಳ್ಳಿಗೆ ನೆಲ ಸಿದ್ಧವಾಯಿತು. ಜೂನ್‌ನಲ್ಲಿ ಒಂದು ದಿನ ಅಂಕಿ ಹೇಳಿದವರು ಫೋನ್ ಇಡಲಿಲ್ಲ.

"ಏರಿದೆ. ಒಳಹರಿವು ಜಾಸ್ತಿಯಾಗಿದೆ."

"ಒಳ್ಳೇದಲ್ವಾ ಅಪ್ಪ."

"ಒಳ್ಳೇದೇ. ಮರಿಗಳು ಹ್ಯಾಗಿದ್ರೂ ಹಾರಿರ್ತಾವೆ, ಅಲ್ವಾ?"

ಹಾರಿರುತ್ತವೆ ಎಂದೆ. ಬಹುಪಾಲು ಹಾರಿರಬೇಕು. ಎಲ್ಲವೂ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅಪ್ಪನೂ ಅದನ್ನು ಕೇಳಲಿಲ್ಲ. ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತವರಿಗೆ ಎಲ್ಲವೂ ಉಳಿಯುವುದಿಲ್ಲ ಎಂಬುದು ಗೊತ್ತು.

ಶ್ರಾವಣದಲ್ಲಿ ಹಬ್ಬಕ್ಕೆಂದು ಊರಿಗೆ ಹೋದಾಗ ಅಪ್ಪ ನನ್ನನ್ನು ಸಂಜೆ ಬೈಕಿನಲ್ಲಿ ಕೂರಿಸಿಕೊಂಡು ಅಜ್ಜಂಪುರದ ಕಡೆ ಹೊರಟರು. ಮೇಲ್ದಂಡೆ ನಾಲೆಯಲ್ಲಿ ನೀರು ಬಂದಿದೆ, ತೋರಿಸುತ್ತೇನೆ ಎಂದರು. ಸುರಂಗ ದಾಟಿ ಬರುವ ನೀರು ಹಳ್ಳಗಳನ್ನು ಹಿಡಿದು ನಮ್ಮ ಕಡೂರು ಸೀಮೆಯ ವೇದಾವತಿಯನ್ನು ಸೇರಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಊರಿನ ಕೆರೆಗೆ ಇನ್ನೂ ಬಂದಿಲ್ಲ. ಬರುತ್ತದೆ ಎಂದು ಅಪ್ಪ ಕಾಯುತ್ತಿದ್ದಾರೆ.

ಸೇತುವೆಯ ಮೇಲೆ ಬೈಕ್ ನಿಲ್ಲಿಸಿದೆವು. ಕೆಳಗೆ ಕೆಂಪು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಇನ್ನೂ ನಾಲ್ಕೈದು ಜನ ಬಂದು ನಿಂತಿದ್ದರು. ಬರೀ ನೀರು ನೋಡಲು ಬಂದವರು. ನಮ್ಮ ಕಡೆ ಅದಕ್ಕಾಗಿಯೇ ಬರುತ್ತಾರೆ. ಬೆಳಿಗ್ಗೆ ಪಟ್ಟಿಯಲ್ಲಿ ಭದ್ರಾ 186ರ ಹತ್ತಿರವಿತ್ತು. ಅಪ್ಪ ಅದನ್ನು ಅಡುಗೆಮನೆಗೆ ಕೇಳುವ ಹಾಗೆ ಓದಿದ್ದರು. ಈಗ ಕಂಬಿಗೆ ಕೈ ಊರಿ, ನೀರನ್ನೇ ನೋಡುತ್ತಿದ್ದರು. ಅದು ಯಾವ ಇಳಿಜಾರನ್ನು, ಯಾವ ದಸರೆಯ, ಶಿವರಾತ್ರಿಯ ಗೆರೆಗಳನ್ನು ಮುಚ್ಚಿಕೊಂಡು ಬಂದಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಈಗ ಅಲ್ಲಿ ಏನೂ ಕಾಣಲ್ಲ, ಅಲ್ವಾ?" ಎಂದರು ಅಪ್ಪ.

"ಇಲ್ಲಪ್ಪ. ಪೂರಾ ನೀರು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತೋಟದ ಸಸಿಯ ಮಾತಾಡುವ ದನಿಯಲ್ಲೇ ಹೇಳಿದರು:

"ಕೆಳಗೆ ಇದ್ದೇ ಇರ್ತದೆ. ಸಂಕ್ರಾಂತಿ ಆಗ್ಲಿ, ಗದ್ದೆಗೆ ನೀರು ಬಿಡ್ಲಿ, ಎದ್ದು ಬರ್ತದೆ."